ಹಡಗು ಕೇಂದ್ರದ್ದು, ಅದರಿಂದ ಇಳಿದ ಜ್ವರ ಯಾರದ್ದು?

ಪ್ರಶ್ನೆ: ನಾನು ಸಕಲೇಶಪುರ ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿಯ ಸದಸ್ಯೆ. ನಮ್ಮೂರಿನ ಅನೇಕ ಹುಡುಗರು ಲಾರಿ ಓಡಿಸುತ್ತಾರೆ. ಕಾಫಿ, ಮೆಣಸು ತುಂಬಿಕೊಂಡು ಶಿರಾಡಿ ಘಾಟಿ ಇಳಿದು ಪಣಂಬೂರಿನ ಬಂದರಿಗೆ ಹೋಗಿ ಬರುತ್ತಾರೆ. ವಿದೇಶದ ಹಡಗಿನಲ್ಲಿ ಕಾಯಿಲೆ ಬಂದರೆ ಅದನ್ನು ತಡೆಯುವ ಹೊಣೆ ಬಂದರಿನವರದೋ, ಮಂಗಳೂರು ಮಹಾನಗರ ಪಾಲಿಕೆಯದೋ? ಘಟ್ಟದ ಮೇಲಿರುವ ನಮ್ಮ ಪಂಚಾಯಿತಿಗೆ ಇದರಲ್ಲಿ ಏನಾದರೂ ಕೆಲಸವಿದೆಯೇ? ಮುಂದೆ ಮತ್ತೆ ಕೊರೊನಾದಂಥ ಕಾಲ ಬಂದರೆ, ಬಂದರಿಗೆ ಹೋಗಿ ಬಂದವರನ್ನು ಊರೊಳಗೆ ಬಿಡಬಾರದೆಂದು ಈಗಲೇ ನಿರ್ಣಯ ಮಾಡಿಬಿಡೋಣ ಎಂದು ಕೆಲವರು ಹೇಳುತ್ತಿದ್ದಾರೆ. ಹಾಗೆ ಮಾಡಬಹುದೇ?

ಉತ್ತರ: ಹಡಗನ್ನು ತಡೆದು ನಿಲ್ಲಿಸುವ, ಹತ್ತಿ ತಪಾಸಣೆ ಮಾಡುವ ಅಧಿಕಾರ ಕೇಂದ್ರ ಸರ್ಕಾರದ್ದು. ಮಂಗಳೂರು ಪಾಲಿಕೆಗೆ ಅದು ಇಲ್ಲ. ಆದರೆ ಹಡಗಿನಿಂದ ಇಳಿದ ಕಾಯಿಲೆ ದಡದಲ್ಲಿ ಬೇರು ಬಿಡುತ್ತದೆಯೋ ಒಣಗಿಹೋಗುತ್ತದೆಯೋ ಎಂಬುದು ಬಂದರಿನ ಗೇಟಿನ ಆಚೆಗಿರುವ ಕುಡಿಯುವ ನೀರು, ಚರಂಡಿ, ಕಸ, ಸೊಳ್ಳೆ, ಇಲಿ ಇವುಗಳ ಮೇಲೆ ನಿಂತಿದೆ. ಅವುಗಳ ಹೊಣೆ ಬಹುಮಟ್ಟಿಗೆ ಸ್ಥಳೀಯ ಆಡಳಿತದ್ದು. ನಿಮ್ಮ ಪಂಚಾಯಿತಿಗೂ ಇದರಲ್ಲಿ ಕೆಲಸವಿದೆ, ಬಹಳ ಜನ ಅಂದುಕೊಂಡಿರುವುದಕ್ಕಿಂತ ಹೆಚ್ಚೇ ಇದೆ. ನಿರ್ಣಯದ ಮಾತಿಗೆ ಕೊನೆಯಲ್ಲಿ ಬರುತ್ತೇನೆ.

ಮೊದಲು ಕಾನೂನು. ಸಂವಿಧಾನದ ಏಳನೇ ಅನುಸೂಚಿಯಲ್ಲಿ ಕೇಂದ್ರ ಪಟ್ಟಿಯ 28ನೇ ನಮೂದು ಬಂದರಿನ ಕ್ವಾರಂಟೈನ್ ಮತ್ತು ಅದಕ್ಕೆ ಸೇರಿದ ಆಸ್ಪತ್ರೆಗಳನ್ನು ಕೇಂದ್ರಕ್ಕೆ ಕೊಟ್ಟಿದೆ. ರಾಜ್ಯ ಪಟ್ಟಿಯ 6ನೇ ನಮೂದು ಸಾರ್ವಜನಿಕ ಆರೋಗ್ಯ, ನೈರ್ಮಲ್ಯ, ಆಸ್ಪತ್ರೆಗಳನ್ನು ರಾಜ್ಯಕ್ಕೆ ಕೊಟ್ಟಿದೆ. ಆಮೇಲೆ ಬಂದ ಹನ್ನೊಂದನೇ ಮತ್ತು ಹನ್ನೆರಡನೇ ಅನುಸೂಚಿಗಳು ಆರೋಗ್ಯ, ನೈರ್ಮಲ್ಯ, ಕಸ ವಿಲೇವಾರಿಯ ಕೆಲಸಗಳನ್ನು ಪಂಚಾಯಿತಿ ಮತ್ತು ನಗರಾಡಳಿತಗಳ ಪಟ್ಟಿಗೆ ಸೇರಿಸಿವೆ. ಒಂದು ರಾಜ್ಯದಿಂದ ಇನ್ನೊಂದಕ್ಕೆ ಸಾಂಕ್ರಾಮಿಕ ರೋಗ ಹರಡದಂತೆ ತಡೆಯುವುದು ಸಮವರ್ತಿ ಪಟ್ಟಿಯಲ್ಲಿದೆ. ಅಂದರೆ ಒಬ್ಬನೇ ರೋಗಿ ಹಡಗಿನ ಏಣಿಯಿಂದ ಇಳಿದು ವಾರ್ಡಿನ ಹಾಸಿಗೆಯವರೆಗೆ ಬರುವಷ್ಟರಲ್ಲಿ ಮೂರು ಸರ್ಕಾರಗಳ ಗಡಿಗಳನ್ನು ದಾಟಿರುತ್ತಾನೆ. ಕಾಗದದಲ್ಲಿ ಗಡಿಗಳು ಸ್ಪಷ್ಟವಾಗಿವೆ. ತೊಂದರೆ ಹುಟ್ಟುವುದು ಗಡಿ ದಾಟುವ ಆ ಗಳಿಗೆಗಳಲ್ಲಿ.

ನವಮಂಗಳೂರು ಬಂದರು 1974ರಲ್ಲಿ ದೇಶದ ಪ್ರಮುಖ ಬಂದರುಗಳ ಸಾಲಿಗೆ ಸೇರಿತು. ಹಡಗುಗಳ ಆರೋಗ್ಯ ತಪಾಸಣೆ ಕೇಂದ್ರ ಆರೋಗ್ಯ ಸಚಿವಾಲಯದ ಅಡಿಯಲ್ಲಿ ಕೆಲಸ ಮಾಡುವ ಬಂದರು ಆರೋಗ್ಯಾಧಿಕಾರಿಯದು. 1908ರ ಬಂದರು ಕಾಯ್ದೆಯಡಿ 1955ರಲ್ಲಿ ರೂಪಿಸಿದ ಬಂದರು ಆರೋಗ್ಯ ನಿಯಮಗಳು ದಶಕಗಳ ಕಾಲ ಇವರ ಅಧಿಕಾರದ ಮೂಲವಾಗಿದ್ದವು. ಹಳೆಯ ಕಾಯ್ದೆಯ ಜಾಗಕ್ಕೆ 2025ರಲ್ಲಿ ಸಂಸತ್ತು ಹೊಸ ಬಂದರು ಕಾಯ್ದೆಯನ್ನು ತಂದಿತು. ಇದರ ಜೊತೆಗೆ 2007ರ ಜೂನ್ 15ರಿಂದ ಜಾರಿಯಲ್ಲಿರುವ ಅಂತರರಾಷ್ಟ್ರೀಯ ಆರೋಗ್ಯ ನಿಯಮಾವಳಿ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಈ ನಿಯಮಾವಳಿಗೆ ಭಾರತವೂ ಬದ್ಧ.

ಹಡಗು ಬರುವ ಮುನ್ನವೇ ಕ್ಯಾಪ್ಟನ್ ತನ್ನ ಏಜೆಂಟರ ಮೂಲಕ ಒಂದು ಆರೋಗ್ಯ ಘೋಷಣೆಯನ್ನು ಕಳಿಸಬೇಕು. ಪ್ರಯಾಣದಲ್ಲಿ ಯಾರಾದರೂ ಸತ್ತರೇ, ಯಾರಿಗಾದರೂ ಜ್ವರ ಬಂದಿದೆಯೇ, ಯಾವ ಯಾವ ಬಂದರುಗಳನ್ನು ಮುಟ್ಟಿ ಬಂದಿರಿ, ಇಲಿಗಳು ಸತ್ತು ಬಿದ್ದಿವೆಯೇ ಎಂಬಂಥ ವಿಷಯಗಳು ಆರೋಗ್ಯಾಧಿಕಾರಿಗೆ ಮೊದಲೇ ತಿಳಿಯಬೇಕು. ಹಡಗಿನ ನೈರ್ಮಲ್ಯ ಪ್ರಮಾಣಪತ್ರವನ್ನೂ ನೋಡುತ್ತಾರೆ. ಅದರ ಆಯುಸ್ಸು ಆರು ತಿಂಗಳು. ಎಲ್ಲವೂ ಸರಿಯಿದ್ದರೆ 'ಫ್ರೀ ಪ್ರಾಟಿಕ್' ಎಂಬ ಅನುಮತಿ ಸಿಗುತ್ತದೆ. ಆಮೇಲೆಯೇ ಜನ ಇಳಿಯಬಹುದು, ಸರಕು ಇಳಿಸಬಹುದು. ಅನುಮತಿ ಕೇಳುವ ಹಡಗು ಹಳದಿ ಬಾವುಟ ಹಾರಿಸುವ ಪದ್ಧತಿ ಇವತ್ತಿಗೂ ಉಳಿದಿದೆ. ಪೀತಜ್ವರವಿರುವ ದೇಶಗಳಿಂದ ಬಂದವರ ಲಸಿಕೆ ಪತ್ರದ ವಿಷಯದಲ್ಲಿ ಭಾರತ ಬಹಳ ಬಿಗಿ. ಪತ್ರವಿಲ್ಲದವರನ್ನು ಆರು ದಿನಗಳವರೆಗೆ ಪ್ರತ್ಯೇಕವಾಗಿಡುವ ಅವಕಾಶವಿದೆ. ಈ ಬಿಗಿತನ ಸರಿಯಾದದ್ದೇ. ಪೀತಜ್ವರ ಈವರೆಗೆ ನಮ್ಮ ದೇಶದಲ್ಲಿ ಹರಡಿಲ್ಲ, ಆದರೆ ಅದನ್ನು ಹೊರುವ ಸೊಳ್ಳೆ ಊರೂರಿನಲ್ಲಿದೆ. ಡೆಂಗಿ ತರುವ ಈಡಿಸ್ ಸೊಳ್ಳೆಯೇ ಅದು.

ಆದರೆ ಎಷ್ಟೇ ನಿಷ್ಠಾವಂತ ಅಧಿಕಾರಿಯಾದರೂ ಕಾಣಿಸಿಕೊಂಡ ರೋಗವನ್ನು ಮಾತ್ರ ಹಿಡಿಯಬಲ್ಲರು. ದೇಹದೊಳಗೆ ಕುದುರುತ್ತಿರುವ ರೋಗ ತಪಾಸಣೆಯಲ್ಲಿ ಸಿಗುವುದಿಲ್ಲ. ಕಾಲರಾ ಕೆಲವು ಗಂಟೆಗಳಿಂದ ಐದು ದಿನ, ಪೀತಜ್ವರ ಮೂರರಿಂದ ಆರು ದಿನ, ಡೆಂಗಿ ನಾಲ್ಕರಿಂದ ಹತ್ತು ದಿನ ಒಳಗೇ ಅಡಗಿರುತ್ತವೆ. ಪಣಂಬೂರಿನಲ್ಲಿ ಸರಕು ಇಳಿಸಿದ ನಿಮ್ಮೂರಿನ ಚಾಲಕ ಅದೇ ರಾತ್ರಿ ಗುಂಡ್ಯ, ಮಾರನಹಳ್ಳಿ ದಾಟಿ ಮನೆ ಸೇರಿರುತ್ತಾನೆ. ಅವನಿಗೇನಾದರೂ ಸೋಂಕು ತಗುಲಿದ್ದರೆ ಜ್ವರ ಕಾಣಿಸಿಕೊಳ್ಳುವುದು ಬಂದರಿನಲ್ಲಿ ಅಲ್ಲ, ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಲಿನಲ್ಲಿ. ಆದ್ದರಿಂದಲೇ 'ಸಮುದ್ರವೆಲ್ಲಿ, ನಾವೆಲ್ಲಿ' ಎಂಬ ಮಾತನ್ನು ನಾನು ಒಪ್ಪುವುದಿಲ್ಲ.

ಇತಿಹಾಸವೂ ಒಪ್ಪುವುದಿಲ್ಲ. 1896ರಲ್ಲಿ ಮುಂಬೈನ ಮಾಂಡವಿಯಲ್ಲಿ, ಬಂದರಿಗೆ ತಾಗಿದ ಧಾನ್ಯದ ಗೋದಾಮುಗಳ ನಡುವೆ, ಪ್ಲೇಗ್ ಕಾಣಿಸಿಕೊಂಡಿತು. ಮರುವರ್ಷವೇ ಬ್ರಿಟಿಷ್ ಸರ್ಕಾರ ಸಾಂಕ್ರಾಮಿಕ ರೋಗಗಳ ಕಾಯ್ದೆಯನ್ನು ತಂದು, ಹಡಗುಗಳನ್ನು ತಪಾಸಣೆ ಮಾಡುವ, ತಡೆದು ನಿಲ್ಲಿಸುವ ಅಧಿಕಾರ ಪಡೆಯಿತು. ಅಷ್ಟರಲ್ಲಿ ರೋಗ ರೈಲು ಹತ್ತಿತ್ತು. 1898ರಲ್ಲಿ ಹುಬ್ಬಳ್ಳಿಯ ಕಡೆಯಿಂದ ಬೆಂಗಳೂರಿಗೆ ಬಂತು, ಅಲ್ಲಿಂದ ಮೈಸೂರು ಸಂಸ್ಥಾನದ ಒಳನಾಡಿಗೆ ಹರಡಿತು. ಸಮುದ್ರವನ್ನು ಕಣ್ಣಿನಿಂದ ಕಾಣದ ಜನ ಸಮುದ್ರದಿಂದ ಬಂದ ರೋಗಕ್ಕೆ ಸತ್ತರು. ಮನೆಯಲ್ಲಿ ಇಲಿ ಬಿತ್ತೆಂದರೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇರುತ್ತಿದ್ದ ಕಾಲವನ್ನು ಹಳೆ ಮೈಸೂರಿನ ಹಿರಿಯರು ಹೇಳುವುದನ್ನು ನೀವೂ ಕೇಳಿರಬಹುದು. ಪ್ಲೇಗ್ ಮಾರಮ್ಮನ ಗುಡಿಗಳು ಆ ಕಾಲದವು.

ಬಂದರಿನ ಆರೋಗ್ಯದಲ್ಲಿ ಸ್ಥಳೀಯ ಆಡಳಿತದ ಪಾಲು ಎಷ್ಟು ದೊಡ್ಡದು ಎಂದು ಕೇಳಿದರೆ ನಾನು 1892ರ ಹ್ಯಾಂಬರ್ಗ್ ನಗರವನ್ನು ತೋರಿಸುತ್ತೇನೆ. ಜರ್ಮನಿಯ ಈ ದೊಡ್ಡ ಬಂದರು ನಗರ ತನ್ನ ಆಡಳಿತವನ್ನು ತಾನೇ ನೋಡಿಕೊಳ್ಳುತ್ತಿತ್ತು. ಆ ವರ್ಷದ ಆಗಸ್ಟಿನಲ್ಲಿ ಕಾಲರಾ ಬಂತು. ವ್ಯಾಪಾರ ನಿಲ್ಲುತ್ತದೆ, ಹಡಗುಗಳು ಬೇರೆ ಬಂದರುಗಳಿಗೆ ತಿರುಗುತ್ತವೆ ಎಂಬ ಅಂಜಿಕೆಯಿಂದ ನಗರದ ಆಡಳಿತ ಸುದ್ದಿಯನ್ನು ಹೊರಗೆಡಹಲು ತಡಮಾಡಿತು. ಅದಕ್ಕಿಂತ ದೊಡ್ಡ ತಪ್ಪು ಹಳೆಯದು: ಎಲ್ಬೆ ನದಿಯ ನೀರನ್ನು ಸೋಸದೆಯೇ ನಲ್ಲಿಗಳಿಗೆ ಬಿಡುತ್ತಿದ್ದರು. ಶೋಧಕ ಕಟ್ಟುವ ಮಾತು ಖರ್ಚಿನ ಜಗಳದಲ್ಲಿ ವರ್ಷಗಟ್ಟಲೆ ಎಳೆದಾಡಿತ್ತು. ಕೆಲವೇ ವಾರಗಳಲ್ಲಿ 8,600ಕ್ಕೂ ಹೆಚ್ಚು ಜನ ಸತ್ತರು. ಹ್ಯಾಂಬರ್ಗಿಗೆ ಅಂಟಿಕೊಂಡೇ ಇದ್ದ ಆಲ್ಟೊನಾ ಪಟ್ಟಣವೂ ಅದೇ ನದಿಯ ನೀರನ್ನೇ ಕುಡಿಯುತ್ತಿತ್ತು, ಆದರೆ ಮರಳಿನಲ್ಲಿ ಸೋಸಿ ಕೊಡುತ್ತಿತ್ತು. ಅಲ್ಲಿ ರೋಗ ಬಹಳ ಕಡಿಮೆ. ಎರಡೂ ಊರುಗಳ ಗಡಿಯಾಗಿದ್ದ ಬೀದಿಯಲ್ಲಿ ಒಂದು ಬದಿಯ ಮನೆಗಳಲ್ಲಿ ಸಾವು, ಎದುರಿನ ಬದಿ ಹೆಚ್ಚುಕಡಿಮೆ ಸುರಕ್ಷಿತ. ಹವೆ ಒಂದೇ, ಬಂದರು ಒಂದೇ, ಮಣ್ಣು ಒಂದೇ. ಬೇರೆಯಾಗಿದ್ದದ್ದು ಪುರಸಭೆಯ ನೀರು. ಬಂದರಿನಲ್ಲಿ ಎಷ್ಟು ವೈದ್ಯರನ್ನು ನಿಲ್ಲಿಸಿದ್ದರೂ ಆ ನಲ್ಲಿಯ ಕೆಲಸವನ್ನು ಅವರು ಮಾಡಲಾಗುತ್ತಿರಲಿಲ್ಲ. ಬಂದರು ಆರೋಗ್ಯದ ಬಗ್ಗೆ ಯಾರೇ ಮಾತನಾಡಲಿ, ಈ ಒಂದು ಬೀದಿಯನ್ನು ಮೊದಲು ತಿಳಿದಿರಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಇಂಗ್ಲೆಂಡ್ ಹಿಡಿದ ದಾರಿಯೇ ಬೇರೆ. ಹಡಗುಗಳನ್ನು ವಾರಗಟ್ಟಲೆ ಸಮುದ್ರದಲ್ಲೇ ನಿಲ್ಲಿಸುವುದರ ಬದಲು ಬಂದರಿನ ಆರೋಗ್ಯವನ್ನೇ ಸ್ಥಳೀಯ ಆಡಳಿತದ ಕೈಗೆ ಕೊಟ್ಟರು. 1872ರಲ್ಲಿ ಲಂಡನ್ ಬಂದರಿನ ಆರೋಗ್ಯದ ಹೊಣೆ ಲಂಡನ್ ಸಿಟಿ ಕಾರ್ಪೊರೇಷನ್ನಿಗೆ ಬಂತು, ಇವತ್ತಿಗೂ ಅಲ್ಲೇ ಇದೆ. ಹಡಗನ್ನು ಹತ್ತುವ ಅಧಿಕಾರಿಯೂ ದಡದ ಚರಂಡಿ ನೋಡುವ ಅಧಿಕಾರಿಯೂ ಸ್ಥಳೀಯ ಆಡಳಿತದವರೇ ಆದ್ದರಿಂದ ಮಾಹಿತಿ ಕೈಬದಲಾಗುವಾಗ ಕಳೆದುಹೋಗುವ ಅಪಾಯ ಕಡಿಮೆ. ಹಾಗೆಂದು ನಮ್ಮ ಬಂದರುಗಳನ್ನೂ ಪಾಲಿಕೆಗಳಿಗೆ ಕೊಡಬೇಕೆಂದು ನಾನು ಹೇಳುವುದಿಲ್ಲ. ಬೇರೆ ದೇಶಗಳೊಂದಿಗೆ ವ್ಯವಹರಿಸುವ ಶಕ್ತಿ, ಲಸಿಕೆ, ಪ್ರಯೋಗಾಲಯ ಇವೆಲ್ಲ ಕೇಂದ್ರದ ಬಳಿ ಇರುವುದರಿಂದ ನಮ್ಮ ಏರ್ಪಾಟಿಗೆ ಅದರದೇ ಬಲವಿದೆ. ಆದರೆ ಅಧಿಕಾರ ಹಂಚಿಹೋಗಿರುವ ಕಡೆ ಮಾತುಕತೆ ಮೊದಲೇ ಆಗಿರಬೇಕು. ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು 2020ರ ಮಾರ್ಚ್ 19ರಂದು ಸಿಡ್ನಿ ಕಂಡಿತು. ರೂಬಿ ಪ್ರಿನ್ಸೆಸ್ ಎಂಬ ವಿಹಾರ ನೌಕೆಯಲ್ಲಿ ಜ್ವರದವರಿದ್ದರು, ಅವರ ಗಂಟಲು ದ್ರವದ ಫಲಿತಾಂಶ ಇನ್ನೂ ಬಂದಿರಲಿಲ್ಲ. ಆದರೂ 2,600ಕ್ಕೂ ಹೆಚ್ಚು ಪ್ರಯಾಣಿಕರು ಇಳಿದು ದೇಶದ ತುಂಬ ಚದುರಿಹೋದರು. ಅಲ್ಲಿ ಗಡಿಯ ಜೈವಿಕ ಸುರಕ್ಷತೆ ಕೇಂದ್ರದ್ದು, ರೋಗದ ಅಪಾಯವನ್ನು ಅಳೆಯುವುದು ರಾಜ್ಯದ ಆರೋಗ್ಯ ಇಲಾಖೆಯದು. ಆಮೇಲೆ ನಡೆದ ವಿಶೇಷ ವಿಚಾರಣೆ ರಾಜ್ಯದ ಆರೋಗ್ಯ ಇಲಾಖೆ ಗಂಭೀರ ತಪ್ಪುಗಳನ್ನು ಮಾಡಿದೆ ಎಂದು ಹೇಳಿತು.

ಈಗ ಮಂಗಳೂರಿಗೆ ಬರೋಣ. ಪಣಂಬೂರು, ಬೈಕಂಪಾಡಿ, ಕೂಳೂರು, ಸುರತ್ಕಲ್ ಎಲ್ಲವೂ ಪಾಲಿಕೆಯ ವ್ಯಾಪ್ತಿಯ ಊರುಗಳೇ. 1976ರ ಕರ್ನಾಟಕ ಮುನಿಸಿಪಲ್ ಕಾರ್ಪೊರೇಷನ್ ಕಾಯ್ದೆ ಅಪಾಯಕಾರಿ ರೋಗಗಳು ಹರಡದಂತೆ ತಡೆಯುವುದನ್ನು ಪಾಲಿಕೆಯ ಕಡ್ಡಾಯ ಕೆಲಸಗಳಲ್ಲಿ ಸೇರಿಸಿದೆ. ಅಂತರರಾಷ್ಟ್ರೀಯ ನಿಯಮಾವಳಿಯಲ್ಲಿ ಇದಕ್ಕೆ ಹೊಂದಿಕೊಳ್ಳುವ ಒಂದು ಅಳತೆ ಇದೆ. ಪ್ರಯಾಣಿಕರು, ಸರಕು, ಕಂಟೇನರ್ ಓಡಾಡುವ ಜಾಗಗಳಿಂದ ಕನಿಷ್ಠ 400 ಮೀಟರ್ ದೂರದವರೆಗೆ ರೋಗ ಹರಡುವ ಸೊಳ್ಳೆ, ಇಲಿ ಮುಂತಾದವುಗಳನ್ನು ಹತೋಟಿಯಲ್ಲಿಡಬೇಕು. ಇನ್ನೂ ದೂರ ಹಾರುವ ಜಾತಿಗಳಿದ್ದರೆ ದೂರವನ್ನು ಹೆಚ್ಚಿಸಬೇಕು. 400 ಮೀಟರ್ ಎಂದರೆ ಅನೇಕ ಕಡೆ ಬಂದರಿನ ಕಾಂಪೌಂಡ್ ಮುಗಿದು ಊರಿನ ಬೀದಿ, ಗ್ಯಾರೇಜು, ಹೋಟೆಲು, ಲಾರಿ ನಿಲ್ಲಿಸುವ ಬಯಲು ಶುರುವಾಗಿರುತ್ತದೆ. ಬಂದರಿನ ಸಿಬ್ಬಂದಿ ಒಳಗೆ ಔಷಧ ಹೊಡೆದು ಹೊರಗೆ ಹಳೆ ಟೈರುಗಳಲ್ಲಿ ಮಳೆನೀರು ನಿಂತಿದ್ದರೆ ಆ ದುಡಿಮೆಯೆಲ್ಲ ವ್ಯರ್ಥ. ಮಂಗಳೂರು ವರ್ಷಗಟ್ಟಲೆ ಮಲೇರಿಯಾದೊಂದಿಗೆ ಹೋರಾಡಿದ ನಗರವಾದ್ದರಿಂದ ಅಲ್ಲಿನವರಿಗೆ ಇದನ್ನು ಹೊಸದಾಗಿ ಹೇಳಬೇಕಾಗಿಲ್ಲ.

ಸೊಳ್ಳೆ ಸಮುದ್ರ ದಾಟುತ್ತದೆಯೇ ಎಂದು ಯಾರಾದರೂ ಅನುಮಾನಪಟ್ಟರೆ ಉತ್ತರ ಆಫ್ರಿಕಾದಲ್ಲಿದೆ. ನಮ್ಮ ನಗರಗಳ ನೀರಿನ ಟ್ಯಾಂಕುಗಳಲ್ಲಿ ಹುಟ್ಟುವ, ಮಲೇರಿಯಾ ಹರಡುವ ಅನಾಫಿಲಿಸ್ ಸ್ಟೀಫೆನ್ಸಿ ದಕ್ಷಿಣ ಏಷ್ಯಾ ಮತ್ತು ಅರೇಬಿಯಾ ಕಡೆಯ ಸೊಳ್ಳೆ. ಅದು 2012ರಲ್ಲಿ ಜಿಬೂಟಿಯಲ್ಲಿ ಪತ್ತೆಯಾಯಿತು. ಜಿಬೂಟಿ ಒಂದು ಬಂದರು ನಗರ. ಆಮೇಲೆ ಅದು ಇಥಿಯೋಪಿಯಾದ ಒಳನಾಡಿನಲ್ಲೂ ಕಾಣಿಸಿಕೊಂಡಿತು. ಮಲೇರಿಯಾವನ್ನು ಹೆಚ್ಚುಕಡಿಮೆ ಅಳಿಸಿದ್ದ ಜಿಬೂಟಿಯಲ್ಲಿ ರೋಗ ಮತ್ತೆ ತಲೆಯೆತ್ತಿತು.

ಊರಿನ ಕೊಳಕೇ ಬಂದರುಗಳನ್ನು ಮುಚ್ಚಿಸುವ ಉಲ್ಟಾ ದಾರಿಯೂ ಇದೆ. 1994ರ ಸೆಪ್ಟೆಂಬರಿನಲ್ಲಿ ಸೂರತ್‌ನಲ್ಲಿ ಪ್ಲೇಗ್ ಸುದ್ದಿ ಬಂದಾಗ ಹಲವು ದೇಶಗಳು ಭಾರತದ ವಿಮಾನಗಳನ್ನು ನಿಲ್ಲಿಸಿದವು, ನಮ್ಮ ಸರಕನ್ನು ಅನುಮಾನದಿಂದ ನೋಡಿದವು. ಒಂದು ನಗರ ಕಸ ಎತ್ತದೇ ಬಿಟ್ಟದ್ದಕ್ಕೆ ಇಡೀ ದೇಶದ ವ್ಯಾಪಾರ ಬೆಲೆ ತೆತ್ತಿತು. ಮರುವರ್ಷ ಪಾಲಿಕೆ ಆಯುಕ್ತರಾಗಿ ಬಂದ ಎಸ್.ಆರ್. ರಾವ್ ಅವರ ಕಾಲದಲ್ಲಿ ಅದೇ ಸೂರತ್ ದೇಶದ ಸ್ವಚ್ಛ ನಗರಗಳಲ್ಲಿ ಒಂದೆಂದು ಹೆಸರಾಯಿತು. ಕೆಲಸ ಮಾಡಿದ್ದು ಪಾಲಿಕೆಯ ಅದೇ ನೌಕರರು, ಅದೇ ಕಾನೂನಿನ ಅಡಿಯಲ್ಲಿ. ಇದನ್ನು ನೆನೆದಾಗಲೆಲ್ಲ ನನಗೆ ಧೈರ್ಯ ಬರುತ್ತದೆ.

ಇನ್ನು ನಮ್ಮ ಹಾಸನದ ಮಾತು. ಅಂತರರಾಷ್ಟ್ರೀಯ ಆರೋಗ್ಯ ನಿಯಮಾವಳಿಯ 34ನೇ ವಿಧಿಯನ್ನು ಘಟ್ಟದ ಮೇಲಿನವರು ಓದಲೇಬೇಕು. ಅಂತರರಾಷ್ಟ್ರೀಯ ಸಾಗಣೆಯ ಕಂಟೇನರುಗಳು, ವಿಶೇಷವಾಗಿ ಸರಕು ತುಂಬುವ ಹೊತ್ತಿನಲ್ಲಿ, ಸೋಂಕಿನ ಮೂಲಗಳಿಂದ, ರೋಗವಾಹಕಗಳಿಂದ ಮುಕ್ತವಾಗಿರಬೇಕು. ತುಂಬುವ ಜಾಗವೂ ಹಾಗೆಯೇ ಇರಬೇಕು ಎಂದು ಅದು ಹೇಳುತ್ತದೆ. ಹಾಸನ, ಚಿಕ್ಕಮಗಳೂರಿನ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಕಾಫಿ ಹಸನಾಗುತ್ತದೆ, ಅಂಗಳದಲ್ಲೇ ಕಂಟೇನರ್ ತುಂಬುವುದೂ ಉಂಟು. ಅಂಥ ಅಂಗಳ ಸಮುದ್ರದಿಂದ ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರವಿದ್ದರೂ ಬಂದರಿನದೇ ಒಂದು ಬಾಗಿಲು. ಖಾಲಿ ಕಂಟೇನರ್ ಘಟ್ಟ ಹತ್ತಿ ಬಂದಾಗ ಅದರ ಮೂಲೆಯಲ್ಲಿ ನಿಂತ ನೀರು, ಇಲಿಯ ಹಿಕ್ಕೆ, ಹಳೆಯ ಸರಕಿನ ಉಳಿಕೆ ಇದೆಯೇ ಎಂದು ನೋಡಬೇಕಾದವರು ತುಂಬುವವರು. ಆ ಅಂಗಳದ ಸುತ್ತಲಿನ ಚರಂಡಿ, ಕಸ, ನೀರು ನೋಡಬೇಕಾದವರು ನಗರಾಡಳಿತ ಅಥವಾ ಪಂಚಾಯಿತಿ. ಪರವಾನಗಿ ನವೀಕರಿಸುವಾಗ ಶುಲ್ಕ ಕಟ್ಟಿಸಿಕೊಂಡು ರಸೀದಿ ಕೊಡುವುದಕ್ಕೆ ನಿಲ್ಲದೆ, ಪಿಡಿಒ ಮತ್ತು ಆರೋಗ್ಯ ನಿರೀಕ್ಷಕರು ಜೊತೆಯಾಗಿ ಹೋಗಿ ಅಂಗಳವನ್ನು ನೋಡಿ ಬರಲಿ. ಇಲಿ ಕಾಟ ತಪ್ಪಿದರೆ ಗೋದಾಮಿನ ಮಾಲೀಕರಿಗೂ ಲಾಭ.

ನಿಮ್ಮ ಪಂಚಾಯಿತಿಯಲ್ಲಿ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿ ಇರುತ್ತದೆ. ಸಭೆ ಕ್ರಮವಾಗಿ ನಡೆಯುತ್ತಿಲ್ಲದಿದ್ದರೆ ಮೊದಲು ಅದನ್ನು ನಡೆಸಿ. ಊರಿನಲ್ಲಿ ದೂರದ ಸಾಗಣೆಗೆ ಹೋಗುವ ಮನೆಗಳು ಯಾವುವು ಎಂಬುದು ಆಶಾ ಕಾರ್ಯಕರ್ತೆಗೆ ಗೊತ್ತಿರಲಿ. ಹೆಸರು ಬರೆದು ಗೋಡೆಗೆ ಅಂಟಿಸಲು ಖಂಡಿತ ಅಲ್ಲ. ಆ ಮನೆಯಲ್ಲಿ ಜ್ವರ ಬಂದರೆ ವೈದ್ಯರಿಗೆ ಬೇಗ ತಿಳಿಯಲಿ ಎಂದು. ಆರೋಗ್ಯ ಕೇಂದ್ರದ ವೈದ್ಯರೊಂದಿಗೆ ಮಾತನಾಡಿ ಒಂದು ಪದ್ಧತಿ ಮಾಡಿಕೊಳ್ಳಿ: ಜ್ವರದವರು ಬಂದಾಗ 'ಕಳೆದ ಎರಡು ವಾರ ಎಲ್ಲೆಲ್ಲಿಗೆ ಹೋಗಿದ್ದಿರಿ' ಎಂದು ಕೇಳುವುದು, ಉತ್ತರವನ್ನು ಚೀಟಿಯಲ್ಲಿ ಬರೆಯುವುದು. ಮಲೆನಾಡಿನಲ್ಲಿ ಜ್ವರ ಎಂದ ಕೂಡಲೇ ಮನಸ್ಸು ಮಂಗನ ಕಾಯಿಲೆ, ಇಲಿಜ್ವರ, ಡೆಂಗಿಯ ಕಡೆ ಹೋಗುತ್ತದೆ, ಹೋಗಬೇಕಾದದ್ದೇ. ಪ್ರಯಾಣದ ಒಂದು ಪ್ರಶ್ನೆ ಅದರ ಪಕ್ಕದಲ್ಲಿ ಸೇರಿದರೆ ಸಾಕು. ಅಸಹಜವಾದ ಜ್ವರ, ಭೇದಿ, ಒಂದೇ ಕಡೆ ಹಲವು ಸಾವು ಕಂಡರೆ ಆ ಮಾಹಿತಿ ಜಿಲ್ಲಾ ಸರ್ವೇಕ್ಷಣಾ ಘಟಕಕ್ಕೆ ಹೋಗುತ್ತದೆ. 2004ರಲ್ಲಿ ಶುರುವಾದ ಸಮಗ್ರ ರೋಗ ಸರ್ವೇಕ್ಷಣಾ ಕಾರ್ಯಕ್ರಮದ ಆಸರೆಯಲ್ಲಿ ಈ ಜಾಲ ದೇಶದ ಎಲ್ಲ ಜಿಲ್ಲೆಗಳಲ್ಲೂ ಇದೆ. ಹಾಸನದ ಘಟಕ ದಕ್ಷಿಣ ಕನ್ನಡದ ಘಟಕಕ್ಕೆ ತಿಳಿಸಿದರೆ, ಬಂದರಿನಲ್ಲಿ ಯಾರ ಕಣ್ಣಿಗೂ ಬೀಳದ ಹಡಗು ನಿಮ್ಮೂರಿನ ಒಂದು ಚೀಟಿಯಿಂದ ಸಿಕ್ಕಿಬೀಳಬಹುದು.

ಹೆದ್ದಾರಿಯ ಬದಿಯ ಲಾರಿ ನಿಲ್ದಾಣಗಳನ್ನು ಮರೆಯಬೇಡಿ. ದೋಣಿಗಾಲ್‌ನಿಂದ ಮಾರನಹಳ್ಳಿಯವರೆಗೆ ಮಳೆಗಾಲದಲ್ಲಿ ಗುಡ್ಡ ಕುಸಿದು ಲಾರಿಗಳು ಗಂಟೆಗಟ್ಟಲೆ, ಕೆಲವೊಮ್ಮೆ ರಾತ್ರಿಯಿಡೀ ನಿಲ್ಲುತ್ತವೆ. ಅಷ್ಟು ಜನರಿಗೆ ಶೌಚಾಲಯವಿಲ್ಲ, ಶುದ್ಧ ನೀರಿಲ್ಲ. ಕೆಳಗೆ ಹರಿಯುವ ಹಳ್ಳದ ನೀರನ್ನೇ ಯಾರೋ ಕುಡಿಯುತ್ತಾರೆ. ನಿಮ್ಮ ಪಂಚಾಯಿತಿಯ ವ್ಯಾಪ್ತಿಗೆ ಇಂಥ ಜಾಗ ಬಂದರೆ ಎರಡು ಶೌಚಾಲಯ, ಒಂದು ಕ್ಲೋರಿನ್ ಹಾಕಿದ ನೀರಿನ ತೊಟ್ಟಿಗೆ ಕ್ರಿಯಾಯೋಜನೆಯಲ್ಲಿ ಜಾಗ ಕೊಡಿ, ಹೆದ್ದಾರಿಯವರನ್ನೂ ಕೇಳಿ. ಹ್ಯಾಂಬರ್ಗಿನ ಬೀದಿಯ ಕಥೆ ಇಲ್ಲಿಗೂ ಸಲ್ಲುತ್ತದೆ.

ಕೊನೆಯದಾಗಿ ನಿರ್ಣಯ. ಬಂದರಿನಿಂದ ಬಂದವರನ್ನು ಊರಿಗೆ ಸೇರಿಸಬಾರದೆಂದು ಗ್ರಾಮ ಪಂಚಾಯಿತಿ ನಿರ್ಣಯ ಮಾಡುವಂತಿಲ್ಲ. ಸಾಂಕ್ರಾಮಿಕದ ಕಾಲದಲ್ಲಿ ಓಡಾಟವನ್ನು ನಿರ್ಬಂಧಿಸುವ ಅಧಿಕಾರ 2020ರ ಕರ್ನಾಟಕ ಸಾಂಕ್ರಾಮಿಕ ರೋಗಗಳ ಕಾಯ್ದೆ, 2005ರ ವಿಪತ್ತು ನಿರ್ವಹಣಾ ಕಾಯ್ದೆಗಳ ಅಡಿಯಲ್ಲಿ ಸರ್ಕಾರ ಮತ್ತು ಜಿಲ್ಲಾಡಳಿತದ್ದು. ಅವರೂ ಕಾರಣ ಕೊಟ್ಟು, ಅವಧಿ ಹೇಳಿ ಮಾಡಬೇಕು. 2020ರಲ್ಲಿ ಎಷ್ಟೋ ಊರುಗಳವರು ರಸ್ತೆಗೆ ಮುಳ್ಳು ಹಾಕಿದರು, ಗುಂಡಿ ತೋಡಿದರು. ಹೆರಿಗೆಗೆ ಹೊರಟವರೂ ಆ ಗುಂಡಿಯ ಮುಂದೆ ನಿಲ್ಲಬೇಕಾಯಿತು. ರೋಗ ಮಾತ್ರ ನಿಲ್ಲಲಿಲ್ಲ. ಊರಿಗೆ ಬಿಡುವುದಿಲ್ಲ ಎಂದು ಗೊತ್ತಾದ ಚಾಲಕ ಎಲ್ಲಿಗೆ ಹೋಗಿದ್ದೆ ಎಂಬುದನ್ನು ಮುಚ್ಚಿಡುತ್ತಾನೆ, ಜ್ವರವನ್ನು ಮಾತ್ರೆಯಲ್ಲಿ ಅಡಗಿಸುತ್ತಾನೆ. ನೀವು ಕೇಳಬೇಕೆಂದಿದ್ದ ಒಂದೇ ಒಂದು ಪ್ರಶ್ನೆಗೆ ಸುಳ್ಳು ಉತ್ತರ ಬರುತ್ತದೆ. ಹ್ಯಾಂಬರ್ಗಿನ ಆಡಳಿತ ಸುದ್ದಿ ಮುಚ್ಚಿದ್ದು ನಷ್ಟದ ಭಯದಿಂದ. ಈ ಹುಡುಗರೂ ಅದೇ ಭಯದಿಂದ ಮುಚ್ಚುತ್ತಾರೆ.

ನಿರ್ಣಯ ಬೇಕೇ ಬೇಕೆಂದರೆ ಬೇರೆಯದನ್ನು ಮಾಡಿ. ಪ್ರತ್ಯೇಕವಾಗಿರಬೇಕೆಂದು ವೈದ್ಯರು ಹೇಳಿದ ಚಾಲಕನಿಗೆ ಶಾಲೆಯ ಒಂದು ಕೊಠಡಿ ಅಥವಾ ಸಮುದಾಯ ಭವನ ಕೊಡುತ್ತೇವೆ, ಅವನ ಮನೆಗೆ ರೇಷನ್ ಮುಟ್ಟಿಸುತ್ತೇವೆ, ಅವನ ಹೆಸರನ್ನು ಹೊರಗೆ ಹೇಳುವುದಿಲ್ಲ ಎಂದು ಬರೆಯಿರಿ. ಲಾರಿ ಮಾಲೀಕರನ್ನು ಕರೆಸಿ, ಅಷ್ಟು ದಿನದ ಬಾಟಾ ಕಡಿಯುವುದಿಲ್ಲ ಎಂಬ ಒಪ್ಪಿಗೆಯನ್ನು ಅದೇ ಸಭೆಯಲ್ಲಿ ಪಡೆಯಿರಿ. ಅದರ ಪ್ರತಿಯನ್ನು ತಾಲ್ಲೂಕು ಆರೋಗ್ಯಾಧಿಕಾರಿಗೂ ಜಿಲ್ಲಾಧಿಕಾರಿಗೂ ಕಳಿಸಿ. ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು. ದಕ್ಷಿಣ ಕನ್ನಡದ ಪ್ರಾಧಿಕಾರದೊಂದಿಗೆ ಮಾತನಾಡಿ, ಬಂದರಿನಲ್ಲಿ ಎಚ್ಚರಿಕೆ ಹೊರಟ ದಿನವೇ ಘಟ್ಟದ ಮೇಲಿನ ತಾಲ್ಲೂಕುಗಳಿಗೂ ತಿಳಿಸುವ ಏರ್ಪಾಟು ಮಾಡಿಸಿಕೊಡಿ ಎಂದು ಪತ್ರದಲ್ಲಿ ಕೇಳಿ. ಉತ್ತರ ಬರದಿದ್ದರೆ ಮತ್ತೆ ಬರೆಯಿರಿ. ಅಷ್ಟರಲ್ಲಿ ಯಾವ ಚಾಲಕನಿಗಾದರೂ ಅನುಮಾನ ಬಂದರೆ 104 ಆರೋಗ್ಯ ಸಹಾಯವಾಣಿಗೆ ಕರೆ ಮಾಡಲಿ. ಆ ಸಂಖ್ಯೆಯನ್ನು ಲಾರಿ ನಿಲ್ಲುವ ಪ್ರತಿ ಹೋಟೆಲಿನಲ್ಲೂ ದೊಡ್ಡದಾಗಿ ಬರೆಸಿ.